ಶಾಸನವಿಲ್ಲದ ಶಿಲೆ

ಹರಪನಹಳ್ಳಿಯ ಸಮೀಪದ ಬಾಗಳಿಯಲ್ಲಿ ನಿಂತಿರುವ ಕಲ್ಲೇಶ್ವರ ದೇವಾಲಯವು ರಾಷ್ಟ್ರಕೂಟರ ಅಸ್ತಮಾನವನ್ನೂ ಕಲ್ಯಾಣ ಚಾಲುಕ್ಯರ ಉದಯವನ್ನೂ ಕಂಡುದು. 987ರ ಶಾಸನದಲ್ಲಿ ದುಗ್ಗಿಮಯ್ಯನ ಹೆಸರು ಇಂದಿಗೂ ಉಳಿದಿದೆ, ಕಂಬಗಳಿಗೂ ದ್ವಾರಬಂಧಗಳಿಗೂ ಪುರಾತತ್ತ್ವ ಇಲಾಖೆಯ ಕಾವಲಿದೆ. ಅಕ್ಷರವುಳ್ಳ ಕಲ್ಲಿಗೆ ನಾವು ಸಲ್ಲಿಸುವ ಈ ಗೌರವವು ಉಚಿತವಾದುದೇ. ಆದರೆ ಉಳಿಯ ಸ್ಪರ್ಶವನ್ನೇ ಅರಿಯದ ಬಂಡೆಗಳಿಗೂ ಆಶ್ರಿತರುಂಟು. ಅವರ ಪರವಾಗಿ ಸಾಕ್ಷಿ ನುಡಿಯಲು ಯಾವ ಶಾಸನವೂ ಇಲ್ಲ.

ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯೊಂದರಲ್ಲಿ ವಾಸಿಸುವ ಎಲೆಮೂಗಿನ ಬಾವಲಿಯನ್ನು ಡೀಟರ್ ಕಾಕ್ ಮತ್ತು ಎಚ್. ಆರ್. ಭಟ್ ಅವರು 1994ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿದರು. ಮೂಗಿನ ಮೇಲಿನ ಎಲೆಯಂತಹ ಚರ್ಮದ ಮಡಿಕೆಯೇ ಅದರ ವಿಶೇಷ: ನಮ್ಮ ಕಿವಿಗೆ ನಿಲುಕದ ಧ್ವನಿಯನ್ನು ನಾಸಿಕದಿಂದಲೇ ಹೊರಡಿಸಿ, ಆ ಮಡಿಕೆಯಿಂದ ಅದನ್ನು ಬೇಕಾದೆಡೆಗೆ ತಿರುಗಿಸಿ, ಮರಳಿ ಬಂದ ಪ್ರತಿಧ್ವನಿಯಿಂದ ಗಾಢಾಂಧಕಾರದಲ್ಲಿಯೂ ಹಾರುವ ಕೀಟದ ದೂರವನ್ನೂ ಚಲನೆಯನ್ನೂ ಗ್ರಹಿಸುವ ಈ ಜೀವಿಯು ರಾತ್ರಿಯಿಡೀ ಕೀಟಗಳನ್ನು ಭಕ್ಷಿಸುತ್ತ, ನಾವು ನಿದ್ರಿಸುವ ವೇಳೆಯಲ್ಲಿ ನಮ್ಮ ಹೊಲಗಳ ಕೆಲಸವನ್ನೇ ಮಾಡುತ್ತದೆ.

ರೆಕ್ಕೆಯಿದ್ದ ಪ್ರಾಣಿ ಬೇರೊಂದೆಡೆಗೆ ಹೋಗಬಾರದೇ ಎಂದು ಕೇಳುವವರಿದ್ದಾರೆ. ಹಗಲಿನ ವಿಶ್ರಾಂತಿಗೂ ಮರಿಯ ಪೋಷಣೆಗೂ ಅದಕ್ಕೆ ತಕ್ಕ ಉಷ್ಣತೆ, ತೇವ, ಕತ್ತಲೆ ಮೂರೂ ಒಂದೆಡೆ ಕೂಡಿರಬೇಕು. ಅಂತಹ ಬಿರುಕುಗಳು ಬಯಲುಸೀಮೆಯ ಹೊಲ, ರಸ್ತೆ, ಊರುಗಳ ನಡುವೆ ಸಮುದ್ರದ ದ್ವೀಪಗಳಂತೆ ವಿರಳ. ಎಲೆಮೂಗಿನ ಬಾವಲಿಗಳು ಸಾಮಾನ್ಯವಾಗಿ ವರ್ಷಕ್ಕೊಂದೇ ಮರಿಯನ್ನು ಹೆರುವುದರಿಂದ ಒಮ್ಮೆ ಕುಂದಿದ ಸಂಖ್ಯೆ ಬೇಗನೆ ಚೇತರಿಸಿಕೊಳ್ಳದು. ಹಿಂದೆ ಎರಡು ಗುಹೆಗಳಲ್ಲಿ ಕಂಡುಬಂದಿದ್ದ ಈ ಪ್ರಭೇದವು ಈಗ ಒಂದರಲ್ಲಿಯೇ ಉಳಿದಿದೆ. ಗಣತಿಯಲ್ಲಿ ಅದರ ಸಂಖ್ಯೆ ಇನ್ನೂರನ್ನೂ ಮುಟ್ಟಲಿಲ್ಲ. ಸುತ್ತಲಿನ ಗ್ರಾನೈಟ್ ಗಣಿಗಾರಿಕೆಯೇ ಅದಕ್ಕೆ ಬಹುದೊಡ್ಡ ವಿಪತ್ತಾಯಿತು. 2016ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಅದನ್ನು ಅತ್ಯಂತ ಅಪಾಯಕ್ಕೊಳಗಾದ ಪ್ರಾಣಿಗಳ ಸಾಲಿಗೆ ಸೇರಿಸಿತು. ಬ್ಯಾಟ್ ಕನ್ಸರ್ವೇಷನ್ ಇಂಡಿಯಾ ಟ್ರಸ್ಟ್ ಮತ್ತು ಕರ್ನಾಟಕ ಅರಣ್ಯ ಇಲಾಖೆ ಅದರ ರಕ್ಷಣೆಗೆ ಕೈಹಾಕಿದುದು ನನಗೆ ಬಹಳ ಸಮಾಧಾನ ತಂದ ಸಂಗತಿ.

ಆದರೆ ಬಂಡೆಗಳಿರುವುದು ಕೋಲಾರವೊಂದರಲ್ಲಿಯೇ ಅಲ್ಲ. ಕೂಡ್ಲಿಗಿ, ಹರಪನಹಳ್ಳಿಗಳ ಸೀಮೆಯಲ್ಲಿಯೂ ಕಲ್ಲುಗುಡ್ಡಗಳಿವೆ, ಅವುಗಳ ಸಂದುಗಳಲ್ಲಿಯೂ ಯಾರಾದರೂ ಮನೆಮಾಡಿರಬಹುದು. ಗುಡ್ಡವನ್ನು ಗುತ್ತಿಗೆಗೆ ಕೊಡುವ ಮುನ್ನ ಬೇಸಗೆ, ಮಳೆ, ಚಳಿಗಾಲಗಳಲ್ಲಿ ಸಂಜೆಯ ಹೊತ್ತು ಆ ಸಂದುಗಳ ಬಾಯಲ್ಲಿ ಬಲ್ಲವರನ್ನು ನಿಲ್ಲಿಸಿ, ಹೊರಬರುವ ಜೀವಗಳನ್ನು ಎಣಿಸಿ ಬರೆದಿಡುವಂತೆ ಜಿಲ್ಲಾಡಳಿತವು ಕಡ್ಡಾಯ ಮಾಡಬೇಕು. ಆ ಬರಹವನ್ನು ಓದಿದ ಮೇಲೆಯೇ ಪರವಾನಗಿಗೆ ರುಜು ಬೀಳಬೇಕು.