ತಂತಿಯಿಲ್ಲದ ಅಂಚೆ

ಊರಿನ ನ್ಯಾಯಬೆಲೆ ಅಂಗಡಿ. ಬೆಳಗಿನ ಹೊತ್ತು. ಅಕ್ಕಿಗಾಗಿ ಜನ ಸಾಲಾಗಿ ನಿಂತಿದ್ದಾರೆ. ಒಬ್ಬ ಅಜ್ಜಿ ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟಳು. ಯಂತ್ರದಲ್ಲಿ ಒಂದು ಚಕ್ರ ಸುತ್ತತೊಡಗಿತು. ಸುತ್ತುತ್ತಲೇ ಇತ್ತು.

“ಏನಪ್ಪಾ, ನನ್ನ ಬೆರಳು ಸವೆದು ಹೋಗಿದೆಯಾ?” ಅಂತ ಅಜ್ಜಿ ಕೇಳಿದಳು.

“ಬೆರಳು ಸರಿ ಇದೆ ಅಜ್ಜಿ. ನೆಟ್‌ವರ್ಕ್ ಇಲ್ಲ. ನಾಳೆ ಬಾ” ಅಂದ ಅಂಗಡಿಯವನು.

ಅಜ್ಜಿ ಖಾಲಿ ಚೀಲ ಮಡಚಿಕೊಂಡು ಹೊರಟಳು. ಆ ದಿನದ ಕೂಲಿಯೂ ಹೋಯಿತು. ಅಕ್ಕಿಯೂ ಸಿಗಲಿಲ್ಲ.

ಹೆಬ್ಬೆಟ್ಟು ಒತ್ತುವುದು ಬೇಡ, ಸಹಿ ಹಾಕೋಣ ಅಂತ ನಾವು ಅಕ್ಷರ ಕಲಿತೆವು. ಈಗ ಯಂತ್ರ ಮತ್ತೆ ಹೆಬ್ಬೆಟ್ಟು ಕೇಳುತ್ತಿದೆ. ಕೇಳಲಿ. ಆದರೆ ಈ ‘ನೆಟ್‌ವರ್ಕ್’ ಅಂದರೆ ಏನು? ಅದು ಯಾಕೆ ಇರುವುದಿಲ್ಲ? ಇದನ್ನೂ ನಾವು ತಿಳಿದುಕೊಳ್ಳಬೇಕು. ತಿಳಿದವರನ್ನು “ನಾಳೆ ಬಾ” ಅಂತ ಸುಲಭವಾಗಿ ಕಳಿಸಲು ಆಗುವುದಿಲ್ಲ.

ಒಂದು ಕಾಗದ, ನೂರು ಲಕೋಟೆ

ನಾವು ಅಂಚೆಯಲ್ಲಿ ಕಾಗದ ಕಳಿಸುತ್ತೇವೆ. ಲಕೋಟೆಯ ಮೇಲೆ ವಿಳಾಸ ಬರೆಯುತ್ತೇವೆ. ವಿಳಾಸ ನೋಡಿ ಅಂಚೆಯವರು ಒಂದು ಊರಿಂದ ಇನ್ನೊಂದು ಊರಿಗೆ ಸಾಗಿಸುತ್ತಾರೆ. ಒಳಗೆ ಏನಿದೆ ಅಂತ ಅವರು ಓದುವುದಿಲ್ಲ.

ಇಂಟರ್‌ನೆಟ್ ಕೂಡ ಇಂಥದ್ದೇ ಒಂದು ಅಂಚೆ. ಆದರೆ ಅದು ದೊಡ್ಡ ಕಾಗದವನ್ನು ಇಡಿಯಾಗಿ ಕಳಿಸುವುದಿಲ್ಲ. ಸಣ್ಣ ಸಣ್ಣ ತುಂಡು ಮಾಡುತ್ತದೆ. ಪ್ರತಿ ತುಂಡನ್ನೂ ಒಂದೊಂದು ಲಕೋಟೆಗೆ ಹಾಕುತ್ತದೆ. ಈ ಲಕೋಟೆಗೆ ‘ಪ್ಯಾಕೆಟ್’ ಅಂತ ಹೆಸರು. ಫೋನಿನಲ್ಲಿ ನಾವು ಮಗನಿಗೆ ಒಂದು ಚಿಕ್ಕ ಫೋಟೊ ಕಳಿಸಿದರೆ ಅದು ಸುಮಾರು 200 ಪ್ಯಾಕೆಟ್ ಆಗಿ ಹೋಗಬಹುದು.

ಈ ಅಂಚೆಗೆ ಎರಡು ಮುಖ್ಯ ಕಟ್ಟಳೆ ಇವೆ.

ಮೊದಲನೆಯ ಕಟ್ಟಳೆ ವಿಳಾಸದ್ದು. ಪ್ರತಿ ಪ್ಯಾಕೆಟ್ ಮೇಲೆ ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಗಬೇಕು ಅಂತ ಅಂಕಿಯಲ್ಲಿ ಬರೆದಿರುತ್ತದೆ. ಇದಕ್ಕೆ ‘ಐಪಿ’ ಅನ್ನುತ್ತಾರೆ.

ಎರಡನೆಯ ಕಟ್ಟಳೆ ಲೆಕ್ಕದ್ದು. ಯಾವ ತುಂಡು ಮೊದಲು, ಯಾವುದು ಆಮೇಲೆ ಅಂತ ಲೆಕ್ಕ ಇಡುತ್ತದೆ. ತಲುಪಿದ ಕೂಡಲೇ “ಬಂತು” ಅಂತ ಆ ಕಡೆಯಿಂದ ಉತ್ತರ ಬರಬೇಕು. ಉತ್ತರ ಬಾರದಿದ್ದರೆ ಆ ತುಂಡನ್ನು ಮತ್ತೆ ಕಳಿಸಬೇಕು. ಇದಕ್ಕೆ ‘ಟಿಸಿಪಿ’ ಅನ್ನುತ್ತಾರೆ.

ಈ ಕಟ್ಟಳೆಗಳನ್ನು ರೂಪಿಸಿದವರು ಅಮೆರಿಕದ ವಿಂಟ್ ಸರ್ಫ್ ಮತ್ತು ಬಾಬ್ ಕಾನ್. 1974ರಲ್ಲಿ ಇವರು ಇದನ್ನು ಬರೆದು ಪ್ರಕಟಿಸಿದರು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು.

ತಂತಿ ಇಲ್ಲದ ಕಡೆ

ಆಗ ಇಂಟರ್‌ನೆಟ್ ಬರುತ್ತಿದ್ದುದು ಟೆಲಿಫೋನ್ ತಂತಿಯಲ್ಲಿ. ಆದರೆ ಬೆಟ್ಟದ ಊರಿಗೆ, ಕಾಡಿನ ಹಾಡಿಗೆ ತಂತಿ ಎಳೆಯುವುದು ಕಷ್ಟ. ಖರ್ಚು ಹೆಚ್ಚು. ಹಾಗಾದರೆ ಏನು ಮಾಡಬೇಕು?

ಈ ಪ್ರಶ್ನೆ ಬಹಳ ಹಿಂದೆಯೇ ಹವಾಯಿ ಎಂಬಲ್ಲಿ ಎದ್ದಿತ್ತು. ಹವಾಯಿ ಅಂದರೆ ಸಮುದ್ರದ ನಡುವಿನ ದ್ವೀಪಗಳು. ಒಂದು ದ್ವೀಪದ ಕಂಪ್ಯೂಟರನ್ನು ಬೇರೆ ದ್ವೀಪದವರೂ ಬಳಸಬೇಕಿತ್ತು. ನಡುವೆ ಸಮುದ್ರ. ಅಲ್ಲಿನ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಜೊತೆಯವರು ರೇಡಿಯೊ ಅಲೆಯ ಮೇಲೆ ಪ್ಯಾಕೆಟ್ ಕಳಿಸಿದರು. ಇದು 1971ರ ಮಾತು. ಅದಕ್ಕೆ ಅವರು ‘ಅಲೋಹ’ ಅಂತ ಹೆಸರಿಟ್ಟರು. ಅಲ್ಲಿನ ಮಾತಿನಲ್ಲಿ ಅಲೋಹ ಅಂದರೆ ನಮಸ್ಕಾರ ಇದ್ದ ಹಾಗೆ.

ಅಲ್ಲಿ ಒಂದು ತೊಂದರೆ ಬಂತು. ಪಂಚಾಯಿತಿ ಕಟ್ಟೆಯ ಮೇಲೆ ಇಬ್ಬರು ಒಟ್ಟಿಗೆ ಮಾತಾಡಿದರೆ ಏನಾಗ್ತದೆ? ಯಾರ ಮಾತೂ ಕೇಳಿಸುವುದಿಲ್ಲ. ಅಲ್ಲೂ ಹಾಗೇ ಆಯಿತು. ಎರಡು ಪ್ಯಾಕೆಟ್ ಒಂದೇ ಹೊತ್ತಿಗೆ ಬಂದರೆ ಎರಡೂ ಕೆಡುತ್ತಿದ್ದವು. ಅದಕ್ಕೆ ಅವರು ಒಂದು ಉಪಾಯ ಹೂಡಿದರು. ಉತ್ತರ ಬಾರದಿದ್ದರೆ ಸ್ವಲ್ಪ ಹೊತ್ತು ಕಾದು ಮತ್ತೆ ಕಳಿಸು. ಆದರೆ ಎಲ್ಲರೂ ಒಂದೇ ಸಮ ಕಾಯಬಾರದು. ಒಬ್ಬೊಬ್ಬರು ಒಂದೊಂದು ಅಳತೆಯಲ್ಲಿ ಕಾಯಬೇಕು. ಆಗ ಮತ್ತೆ ಡಿಕ್ಕಿ ಆಗುವುದು ಕಡಿಮೆ.

ಟವರ್ ಎಂಬ ನೀರುಗಂಟಿ

ಇವತ್ತಿನ ಟವರ್ ಇನ್ನೂ ಒಳ್ಳೆಯ ವ್ಯವಸ್ಥೆ ಮಾಡಿಕೊಂಡಿದೆ. ಅದು ನಮ್ಮ ಕೆರೆಯ ನೀರುಗಂಟಿ ಇದ್ದ ಹಾಗೆ. ನೀರುಗಂಟಿ ಏನು ಮಾಡ್ತಾನೆ? ಈ ಗದ್ದೆಗೆ ಇಷ್ಟು ಹೊತ್ತು, ಆ ಗದ್ದೆಗೆ ಇಷ್ಟು ಹೊತ್ತು ಅಂತ ಸರದಿ ಪ್ರಕಾರ ನೀರು ಬಿಡುತ್ತಾನೆ. ಟವರ್ ಕೂಡ ಫೋನುಗಳಿಗೆ ಸರದಿ ಹಂಚುತ್ತದೆ. 4ಜಿ ಟವರ್ ಒಂದು ಸೆಕೆಂಡನ್ನು ಸಾವಿರ ಪಾಲು ಮಾಡುತ್ತದೆ. ಒಂದೊಂದು ಪಾಲಿನಲ್ಲಿ ಯಾರಿಗೆ ಎಷ್ಟು ಅಂತ ತೀರ್ಮಾನ ಮಾಡುತ್ತದೆ.

ಕೆರೆಯ ನೀರು ಒಂದೇ. ಗದ್ದೆ ಹೆಚ್ಚಾದರೆ ಪಾಲು ಕಡಿಮೆ. ಸಂಜೆ ಎಲ್ಲರೂ ಫೋನ್ ಹಿಡಿದು ಸಿನಿಮಾ ನೋಡುತ್ತಾರೆ. ಆಗ ನೆಟ್ ನಿಧಾನ ಆಗುತ್ತದೆ. ಫೋನಿನಲ್ಲಿ ಕಡ್ಡಿ ಪೂರ್ತಿ ಕಾಣುತ್ತದೆ, ಆದರೂ ನೆಟ್ ಬರುವುದಿಲ್ಲ ಅಂತ ನಾವು ಬೈಯುತ್ತೇವೆ. ಕಡ್ಡಿ ಹೇಳುವುದು ಅಲೆಯ ಬಲ ಎಷ್ಟು ಅಂತ ಮಾತ್ರ. ಸಾಲಿನಲ್ಲಿ ಎಷ್ಟು ಜನ ಇದ್ದಾರೆ ಅಂತ ಅದು ಹೇಳುವುದಿಲ್ಲ.

ಈ ಅಲೆ ಯಾರದ್ದು? ಅದು ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅಂದರೆ ಅದು ನಮ್ಮೆಲ್ಲರದ್ದು. ಅದನ್ನು ಬಳಸಲು ಕಂಪನಿಗಳು ಸರ್ಕಾರಕ್ಕೆ ಹಣ ಕೊಡಬೇಕು. ಬ್ರಾಡ್‌ಬ್ಯಾಂಡ್ ಅಲೆಗಳ ಹರಾಜು 2010ರಲ್ಲಿ ನಡೆಯಿತು. ಸರ್ಕಾರಕ್ಕೆ ಸುಮಾರು 38 ಸಾವಿರ ಕೋಟಿ ರೂಪಾಯಿ ಬಂತು. ದೇಶದ ಮೊದಲ 4ಜಿ ಸೇವೆ 2012ರಲ್ಲಿ ಕೋಲ್ಕತ್ತಾದಲ್ಲಿ ಶುರುವಾಯಿತು.

ಗಾಳಿ ಮಳೆಯ ದಾರಿ

ತಂತಿಯಲ್ಲಿ ಹೋಗುವ ಪ್ಯಾಕೆಟ್ ಸಾಮಾನ್ಯವಾಗಿ ಕೆಡುವುದಿಲ್ಲ. ರೇಡಿಯೊ ಅಲೆಯ ದಾರಿ ಹಾಗಲ್ಲ. ಗುಡ್ಡ ಅಡ್ಡ ಬರುತ್ತದೆ. ದಟ್ಟ ಮರ, ದಪ್ಪ ಗೋಡೆ ಅಲೆಯನ್ನು ತಡೆಯುತ್ತವೆ. ಇದರಿಂದ ಲೆಕ್ಕದ ಕಟ್ಟಳೆಗೆ ಒಂದು ಪೇಚು ಬರುತ್ತದೆ.

ಸಂತೆಗೆ ಹತ್ತು ಗಾಡಿ ಕಳಿಸಿದೆವು ಅನ್ನಿ. ಎರಡು ತಲುಪಲಿಲ್ಲ. ಆಗ ಏನು ಅಂದುಕೊಳ್ಳುತ್ತೇವೆ? “ದಾರಿಯಲ್ಲಿ ನೂಕುನುಗ್ಗಲು ಇರಬೇಕು, ಗಾಡಿ ಕಡಿಮೆ ಬಿಡೋಣ” ಅನ್ನುತ್ತೇವೆ. ಟಿಸಿಪಿ ಕೂಡ ಸಾಮಾನ್ಯವಾಗಿ ಹೀಗೇ ಯೋಚಿಸುತ್ತದೆ. ಪ್ಯಾಕೆಟ್ ಕಳೆದರೆ ವೇಗ ತಗ್ಗಿಸುತ್ತದೆ. ಆದರೆ ಇಲ್ಲಿ ದಾರಿ ಖಾಲಿ ಇರಬಹುದು. ಗುಡ್ಡ ಅಡ್ಡ ಬಂದು ಪ್ಯಾಕೆಟ್ ಕಳೆದಿರಬಹುದು. ಸುಮ್ಮನೆ ನಿಧಾನ ಮಾಡಿದ ಹಾಗಾಯಿತು.

ಅದಕ್ಕೆ ಟವರ್ ಮತ್ತು ಫೋನ್ ತಮ್ಮಲ್ಲೇ ಒಂದು ಒಪ್ಪಂದ ಮಾಡಿಕೊಂಡಿವೆ. ನಡುವೆ ಏನಾದರೂ ಕೆಟ್ಟರೆ ತಕ್ಷಣ ತಾವೇ ಮತ್ತೆ ಕಳಿಸಿಕೊಳ್ಳುತ್ತವೆ. ದೂರದ ಕಂಪ್ಯೂಟರಿಗೆ ಇದು ಗೊತ್ತೇ ಆಗುವುದಿಲ್ಲ. ಅಲೆ ಚೆನ್ನಾಗಿದ್ದರೆ ವೇಗವಾಗಿ ಮಾತಾಡುತ್ತವೆ. ಕೆಟ್ಟಿದ್ದರೆ ಬಿಡಿಸಿ ಬಿಡಿಸಿ, ನಿಧಾನವಾಗಿ ಮಾತಾಡುತ್ತವೆ. ಕಿವಿ ಮಂದವಾದ ಹಿರಿಯರ ಹತ್ತಿರ ನಾವು ಮಾತಾಡುವುದಿಲ್ಲವೇ, ಹಾಗೆ.

ಟವರ್‌ನಿಂದ ಆಚೆಗೆ ಪ್ಯಾಕೆಟ್ ಹೆಚ್ಚಾಗಿ ಗಾಜಿನ ಎಳೆಯ ತಂತಿಯಲ್ಲಿ ಹೋಗುತ್ತದೆ. ರಸ್ತೆ ಅಗೆಯುವಾಗ ಅದು ತುಂಡಾದರೆ ಟವರ್ ಇದ್ದೂ ಇಲ್ಲದ ಹಾಗೆ. ಕರೆಂಟು ಹೋಗಿ ಬ್ಯಾಟರಿ ಮುಗಿದರೂ ಅಷ್ಟೇ.

ಅಜ್ಜಿಯ ಹೆಬ್ಬೆಟ್ಟು ಎಲ್ಲಿಗೆ ಹೋಯಿತು?

ಈಗ ಅಂಗಡಿಗೆ ವಾಪಸು ಬರೋಣ. ಅಜ್ಜಿಯ ಬೆರಳಿನ ಗುರುತು ಗುಟ್ಟಿನ ಲಿಪಿಯಲ್ಲಿ ಪ್ಯಾಕೆಟ್ ಆಗಿ ಹೊರಡುತ್ತದೆ. ಟವರ್‌ಗೆ ಹೋಗಿ, ಅಲ್ಲಿಂದ ಆಧಾರ್ ಕಂಪ್ಯೂಟರ್ ಕೇಂದ್ರಕ್ಕೆ ಹೋಗಬೇಕು. ಅಂಥ ಕೇಂದ್ರಗಳು ಬೆಂಗಳೂರಿನಲ್ಲೂ ಹರಿಯಾಣದ ಮಾನೇಸರಿನಲ್ಲೂ ಇವೆ. ಅಲ್ಲಿ ಗುರುತು ಹೋಲಿಸಿ ನೋಡುತ್ತಾರೆ. “ಹೌದು” ಅಥವಾ “ಅಲ್ಲ” ಅಂತ ಉತ್ತರ ಬರುತ್ತದೆ. ಚಕ್ರ ಸುತ್ತುತ್ತಿದೆ ಅಂದರೆ ಉತ್ತರ ಇನ್ನೂ ಬಂದಿಲ್ಲ ಅಂತ ಅರ್ಥ. ಅಜ್ಜಿಯದು ತಪ್ಪು ಅಂತ ಅರ್ಥ ಅಲ್ಲ.

ಅಲೆ ಸಿಗದಿದ್ದರೆ ಅದು ಅಲೆಯ ದೋಷ. ಅದಕ್ಕೆ ಅಜ್ಜಿ ಉಪವಾಸ ಇರಬೇಕೇ? ಬೇಡ. ಆಹಾರ ಭದ್ರತಾ ಕಾಯ್ದೆ 2013ರಲ್ಲಿ ಬಂದಿದೆ. ನೆಟ್‌ವರ್ಕ್ ಇಲ್ಲ, ಬೆರಳು ಹೊಂದಲಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಪಡಿತರ ನಿಲ್ಲಿಸಬಾರದು ಅಂತ ಕೇಂದ್ರ ಸರ್ಕಾರ 2017ರ ಅಕ್ಟೋಬರ್‌ನಲ್ಲಿ ರಾಜ್ಯಗಳಿಗೆ ಬರೆದು ತಿಳಿಸಿದೆ. ಈ ಮಾತನ್ನು ನಾವು ಅಂಗಡಿಯಲ್ಲಿ ಧೈರ್ಯವಾಗಿ ಹೇಳಬೇಕು. ಕೊಡದಿದ್ದರೆ ತಾಲ್ಲೂಕಿನ ಆಹಾರ ಶಾಖೆಗೆ ಅರ್ಜಿ ಬರೆದು ಕೊಡಬೇಕು. ಬರೆಯಲು ನಮಗೆ ಈಗ ಬರುತ್ತದೆಯಲ್ಲ!

ಫೋನಿನಲ್ಲಿ ಹಣ ಕಳಿಸುವಾಗಲೂ ಹೀಗೇ. ಹಣ ಕಡಿತವಾಗಿದೆ, ಆದರೆ ಚಕ್ರ ನಿಲ್ಲುತ್ತಿಲ್ಲ. ಗಾಬರಿಯಿಂದ ಕೂಡಲೇ ಮತ್ತೆ ಕಳಿಸಬಾರದು. ಹಣ ತಲುಪಿದ್ದು, “ತಲುಪಿತು” ಎಂಬ ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಮೊದಲು ಖಾತೆ ನೋಡಬೇಕು. ಆ ಕಡೆಯವರನ್ನು ಕೇಳಬೇಕು. ಅವರ ಖಾತೆಗೆ ಹೋಗದಿದ್ದರೆ ಹಣ ನಮಗೆ ವಾಪಸು ಬರಬೇಕು. ಇದಕ್ಕೆ ರಿಸರ್ವ್ ಬ್ಯಾಂಕ್ 2019ರಲ್ಲಿ ಗಡುವು ಗೊತ್ತು ಮಾಡಿದೆ. ಗಡುವು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಹಣ ಬಿಡಿಸಿ ಕೊಡುತ್ತೇವೆ ಅಂತ ಯಾರಾದರೂ ಫೋನ್ ಮಾಡಿದರೆ ಗುಟ್ಟಿನ ಅಂಕಿ ಹೇಳಲೇಬಾರದು.

ಅಲೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದರ ಕಟ್ಟಳೆ ತಿಳಿಯದ ಗುಟ್ಟೇನಲ್ಲ. ಹೊರಟ ಮಾತಿಗೆ ಉತ್ತರ ಬರಬೇಕು, ಬಾರದಿದ್ದರೆ ಮತ್ತೆ ಕೇಳಬೇಕು. ಇದು ಪ್ಯಾಕೆಟ್ಟಿನ ಕಟ್ಟಳೆ. ನಮಗೂ ಇದು ಒಪ್ಪುವ ಕಟ್ಟಳೆಯೇ.

ಕೂಡಿ ಮಾತಾಡೋಣ

1. ನಮ್ಮ ಊರಿನ ಟವರ್ ಎಲ್ಲಿದೆ? ಊರಿನ ಯಾವ ಮೂಲೆಯಲ್ಲಿ ಅಲೆ ಸಿಗುವುದಿಲ್ಲ? ಯಾಕೆ?

2. ನಮ್ಮ ನ್ಯಾಯಬೆಲೆ ಅಂಗಡಿಯಲ್ಲಿ ಕಳೆದ ತಿಂಗಳು ಎಷ್ಟು ಜನ “ನಾಳೆ ಬಾ” ಅನ್ನಿಸಿಕೊಂಡರು? ಪಟ್ಟಿ ಮಾಡಿ.

3. ಆಹಾರ ಶಾಖೆಗೆ ಒಂದು ಅರ್ಜಿ ಬರೆಯಿರಿ. ಕೆಳಗೆ ನಿಮ್ಮ ಸಹಿ ಹಾಕಿ.