ಚಾಲಕನ ಕನ್ನಡಿಗೆ ಹೊಡೆಯುವ ಫ್ಲಡ್‌ಲೈಟ್

ರಾತ್ರಿ ನೆಲಮಂಗಲ ದಾಟಿ ದಾಬಸ್‌ಪೇಟೆಯ ಕಡೆಗೋ, ಹೊಸಕೋಟೆಯಿಂದ ಮಾಲೂರಿನ ಕಡೆಗೋ ಹೊರಟವರಿಗೆ ರಸ್ತೆ ಪಕ್ಕದ ಗೋದಾಮುಗಳು ದೂರದಿಂದಲೇ ಕಣ್ಣು ಕುಕ್ಕುತ್ತವೆ. ಹೆದ್ದಾರಿಗೆ ಅಷ್ಟೆಲ್ಲ ಬೆಳಕು ಚೆಲ್ಲುವ ಅಂಗಳದೊಳಗೆ ಹೋಗಿ ನೋಡಿದರೆ, ಎರಡು ಲಾರಿಗಳ ನಡುವಿನ ಸಂದಿಯಲ್ಲಿ ನಿಂತ ಮನುಷ್ಯ ಕಾಣುವುದಿಲ್ಲ.

ಹೀಗಾಗುವುದು ದುಡ್ಡಿನ ಲೆಕ್ಕದಿಂದ. ಕಟ್ಟಡ ಮುಗಿಯುವ ಹೊತ್ತಿಗೆ ಮಾಲೀಕರ ಹಣವೂ ತಾಳ್ಮೆಯೂ ಕರಗಿರುತ್ತವೆ. ಅಂಗಳದಲ್ಲಿ ಕಂಬ ನಿಲ್ಲಿಸಬೇಕೆಂದರೆ ಕಾಂಕ್ರೀಟು ಒಡೆಯಬೇಕು, ನೆಲದಡಿ ಕೇಬಲ್ ಎಳೆಯಬೇಕು. ಅದರ ಬದಲು ಗೋಡೆಗೆ ಸಾಲಾಗಿ 200 ವಾಟಿನ ಫ್ಲಡ್‌ಲೈಟ್ ಹೊಡೆದು, ಮೂತಿಯನ್ನು ಹೊರಕ್ಕೆ ಎತ್ತಿಬಿಟ್ಟರೆ ‘ಲೈಟಿಂಗ್ ಆಯ್ತು’.

ಈಗ 40 ಅಡಿಯ ಕಂಟೇನರ್ ಹೊತ್ತ ಟ್ರೇಲರನ್ನು ಡಾಕಿಗೆ ರಿವರ್ಸ್ ತರುವ ಚಾಲಕನನ್ನು ನೆನೆಯಿರಿ. ಅವನಿಗೆ ಆಸರೆ ಎರಡು ಪಕ್ಕದ ಕನ್ನಡಿಗಳು, ಕ್ಲೀನರ್ ಕೂಗುವ ‘ಬರ್ಲಿ, ಬರ್ಲಿ’. ಗಾಡಿಯ ಹಿಂಭಾಗ ಗೋಡೆಯ ಕಡೆಗಿರುವುದರಿಂದ ಫ್ಲಡ್‌ಲೈಟು ಕನ್ನಡಿಗೆ ಬಡಿದು ನೇರ ಅವನ ಕಣ್ಣಿಗೇ ಬರುತ್ತದೆ. ಪ್ರಖರ ಬೆಳಕು ಕಣ್ಣೊಳಗೆ ಚದುರಿದಾಗ ನೋಟದ ಮೇಲೆ ಬಿಳಿ ಮಬ್ಬು ಕವಿಯುತ್ತದೆ. ವಯಸ್ಸಾದ ಕಣ್ಣಿಗೆ ಇದರ ಕಾಟ ಇನ್ನೂ ಹೆಚ್ಚು. ಹಿಂದೆ ನಿಂತ ಹಮಾಲಿ ಆ ಮಬ್ಬಿನಲ್ಲಿ ಕರಗಿಹೋಗುತ್ತಾನೆ. ಅಲ್ಲಿ ಇನ್ನೊಂದು ಫ್ಲಡ್‌ಲೈಟ್ ಹಾಕಿದರೆ ಮಬ್ಬು ಹೆಚ್ಚುತ್ತದೆಯೇ ಹೊರತು ಹಮಾಲಿ ಕಾಣುವುದಿಲ್ಲ.

ಹಾಗಾದರೆ ಬೆಳಕು ಎಷ್ಟು ಬೇಕು? ಹೊರಾಂಗಣ ಕೆಲಸದ ಜಾಗಗಳಿಗೆಂದೇ ಯುರೋಪಿನಲ್ಲಿ ಇಎನ್ 12464-2 ಎಂಬ ಮಾನದಂಡವಿದೆ. ನಮ್ಮಲ್ಲೂ 2010ರ ರಾಷ್ಟ್ರೀಯ ಲೈಟಿಂಗ್ ಕೋಡ್ ಇದೆ. ಯುರೋಪಿನ ಲೆಕ್ಕದಲ್ಲಿ ಬರೀ ನಡೆದಾಡುವ ದಾರಿಗೆ 5 ಲಕ್ಸ್, ವಾಹನಗಳು ನಿಧಾನಕ್ಕೆ ಚಲಿಸುವಲ್ಲಿ 10, ಗಂಟೆಗೆ 40 ಕಿಲೋಮೀಟರ್‌ವರೆಗಿನ ಓಡಾಟಕ್ಕೆ 20, ಗಾಡಿ ತಿರುಗಿಸುವ ಮತ್ತು ಸರಕು ಇಳಿಸಿ ಏರಿಸುವಲ್ಲಿ 50. ಹುಣ್ಣಿಮೆ ಬೆಳದಿಂಗಳು ಅರ್ಧ ಲಕ್ಸ್ ಕೂಡ ಇರುವುದಿಲ್ಲ, ಹಾಗಾಗಿ 50 ಎಂದರೆ ಸಾಕಷ್ಟಾಯಿತು. ನಮ್ಮವರು ಮರೆಯುವುದು ಇದರ ಜೊತೆಗಿರುವ ಇನ್ನೊಂದು ಅಂಕಿಯನ್ನು. ವಾಹನ ಓಡಾಡುವೆಡೆ ಅತಿ ಕಡಿಮೆ ಬೆಳಕಿನ ಬಿಂದು ಸರಾಸರಿಯ ಶೇ 40ಕ್ಕಿಂತ ಕೆಳಗಿಳಿಯಬಾರದು. ಗೋಡೆಯ ಬುಡದಲ್ಲಿ 200, ಹತ್ತು ಹೆಜ್ಜೆ ಆಚೆ 2 ಇದ್ದರೆ ಸರಾಸರಿ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಕಣ್ಣಿಗೆ 20ರಿಂದ 30 ನಿಮಿಷ ಬೇಕು. ಫೋರ್ಕ್‌ಲಿಫ್ಟ್ ಅಷ್ಟು ಹೊತ್ತು ಕಾಯುವುದಿಲ್ಲ.

ಇದಕ್ಕೆ ಪರಿಹಾರ ಕಂಬಗಳೇ. ಕಂಬದ ಎತ್ತರದ ಮೂರರಿಂದ ನಾಲ್ಕು ಪಟ್ಟು ಅಂತರ ಎಂಬುದು ಹಳೆಯ ಅಂದಾಜು, 9 ಮೀಟರಿನ ಕಂಬಕ್ಕೆ ಸುಮಾರು 30 ಮೀಟರ್. ಲಾರಿ ನಿಲ್ಲುವ ಜಾಗದಲ್ಲಿ ಎರಡೂ ಬದಿಯಿಂದ ಬೆಳಕು ಬೀಳಬೇಕು. ಒಂದು ದೀಪಕ್ಕೆ ಎತ್ತರದ ಬಾಡಿ ಮಾಡುವ ನೆರಳನ್ನು ಎದುರಿನದು ತುಂಬಬೇಕು. ಹೈಮಾಸ್ಟ್ ಮೇಲಿನ ಮೋಹ ನನಗೆ ಅರ್ಥವಾಗುವುದಿಲ್ಲ. ವಿಶಾಲ ಬಯಲಿಗೆ, ಬಂದರಿನ ಕಂಟೇನರ್ ಯಾರ್ಡಿಗೆ ಅದು ಸರಿ. ಇಕ್ಕಟ್ಟಿನ ಗೋದಾಮಿಗೆ 25 ಮೀಟರಿನ ಕಂಬ ಹಾಕಿದರೆ ಬೆಳಕಿನ ಒಂದು ಪಾಲು ಕಾಂಪೌಂಡಿನಾಚೆ ಬೀಳುತ್ತದೆ.

ಗೇಟಿನಲ್ಲಿ ಮಾತ್ರ ಬೇರೆ ಲೆಕ್ಕ. ಅಲ್ಲಿ ನೆಲಕ್ಕಿಂತ ಮುಖದ ಮೇಲೆ, ನಂಬರ್ ಪ್ಲೇಟಿನ ಮೇಲೆ ಬೀಳುವ ಬೆಳಕು ಮುಖ್ಯ. ದೀಪ ಬೆನ್ನ ಹಿಂದಿದ್ದರೆ ಸಿಸಿಟಿವಿಯಲ್ಲಿ ಕಾಣುವುದು ಕಪ್ಪು ಆಕೃತಿ. ಇನ್ನು ಬಣ್ಣ. ಹಳೆಯ ಸೋಡಿಯಂ ದೀಪದ ಹಳದಿಯಲ್ಲಿ ಕೆಂಪು ಬಣ್ಣ ಕಂದಾಗುತ್ತಿತ್ತು, ಎಲ್‌ಇಡಿ ಆ ತೊಂದರೆ ನೀಗಿಸಿತು. ಹಾಗೆಂದು 6500 ಕೆಲ್ವಿನ್‌ನ ನೀಲಿ ಬಿಳುಪು ಬೇಕಿಲ್ಲ. ಡಾಕಿಗೆ 4000, ಬೇಲಿಯ ಬದಿಗೆ 3000 ಸಾಕು. ನೀಲಿ ಹೆಚ್ಚಿದಷ್ಟೂ ಹುಳು ಹೆಚ್ಚು ಬರುತ್ತವೆ, ಆಕಾಶದಲ್ಲಿ ಬೆಳಕು ಹೆಚ್ಚು ಚದುರುತ್ತದೆ.

ಕಾಂಪೌಂಡಿನಾಚೆ ಯಾರಿದ್ದಾರೆ ಎಂಬುದನ್ನು ನಕ್ಷೆ ಬರೆಯುವವರು ಕೇಳುವುದೇ ಅಪರೂಪ. ಈ ಸೀಮೆಯಲ್ಲಿ ಅಲ್ಲಿ ಸೇವಂತಿಗೆ ಹೊಲವಿರಬಹುದು. ಸೇವಂತಿಗೆ ಮೊಗ್ಗು ಬಿಡುವುದು ರಾತ್ರಿ ಉದ್ದವಾದಾಗ. ಇದನ್ನು ಬಲ್ಲ ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಬೆಳೆಗಾರರು ಹೊಲದ ಮೇಲೆ ಬಲ್ಬಿನ ಸಾಲು ಕಟ್ಟಿ, ರಾತ್ರಿ ಉರಿಸಿ, ಹೂವನ್ನು ತಡೆದು ಮಾರುಕಟ್ಟೆಗೆ ಹೊಂದಿಸಿಕೊಳ್ಳುತ್ತಾರೆ. ಆ ಬಲ್ಬಿನ ಸ್ವಿಚ್ಚು ಅವರ ಕೈಯಲ್ಲಿರುತ್ತದೆ. ಪಕ್ಕದ ಗೋದಾಮಿನ ದೀಪದ ಸ್ವಿಚ್ಚು ಅವರ ಕೈಯಲ್ಲಿಲ್ಲ.

ಇನ್ನೊಂದು ಸಂಗತಿ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಇದೇ ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನಿಂದ. ಹಾನ್ಲೆಯ ಕತ್ತಲನ್ನು ಕಾಯಲೆಂದು 2022ರಲ್ಲಿ ಅಲ್ಲಿ ಡಾರ್ಕ್ ಸ್ಕೈ ರಿಸರ್ವ್ ಘೋಷಿಸಲಾಯಿತು. ಹೊಸಕೋಟೆಯ ಆಕಾಶಕ್ಕೆ ಆ ಭಾಗ್ಯವಿಲ್ಲ, ಇರಲಿ. ದೀಪದ ಗಾಜನ್ನು ನೆಲಕ್ಕೆ ಸಮಾನಾಂತರವಾಗಿಟ್ಟು ಮೇಲಕ್ಕೆ ಬೆಳಕೇ ಹೋಗದಂತೆ ಮಾಡಲು ಮಾತ್ರ ಯಾವ ಘೋಷಣೆಯೂ ಬೇಕಿಲ್ಲ.

ಉಳಿತಾಯ ಬೇಕೆನ್ನುವವರಿಗೂ ದಾರಿಯಿದೆ. 150 ವಾಟಿನ 100 ದೀಪ 12 ಗಂಟೆ ಉರಿದರೆ ರಾತ್ರಿಗೆ 180 ಯೂನಿಟ್. ಓಡಾಟವಿಲ್ಲದ 6 ಗಂಟೆ ಶೇ 30ಕ್ಕೆ ಇಳಿಸಿ, ಗಾಡಿ ಬಂದಾಗ ಸೆನ್ಸರಿನಿಂದ ಏರಿಸಿದರೆ ಅದು ಸುಮಾರು 117ಕ್ಕೆ ಇಳಿಯುತ್ತದೆ. ಆದರೆ ಸಿಡಿಲು, ವೋಲ್ಟೇಜ್ ಏರಿಳಿತದ ನಮ್ಮೂರಲ್ಲಿ ಎಲ್‌ಇಡಿ ಚಿಪ್ಪಿಗಿಂತ ಮೊದಲು ಕೈಕೊಡುವುದು ಅದರ ಡ್ರೈವರ್. 10 ಕೆವಿ ಸರ್ಜ್ ರಕ್ಷಣೆ ಮತ್ತು ಸರಿಯಾದ ಅರ್ಥಿಂಗ್‌ನಲ್ಲಿ ಜುಗ್ಗತನ ಮಾಡಿದರೆ ಈ ಉಳಿತಾಯವೆಲ್ಲ ಬದಲಿ ದೀಪಕ್ಕೇ ಹೋಗುತ್ತದೆ.

ಗೋದಾಮು ಕಟ್ಟಿಸುತ್ತಿರುವವರು ಕೊಟೇಶನ್ನಿನಲ್ಲಿ ವಾಟ್ ಎಷ್ಟು, ರೇಟ್ ಎಷ್ಟು ಎಂದು ನೋಡುವ ಮುನ್ನ ಲಕ್ಸ್ ನಕ್ಷೆ ಕೇಳಿ. ಅದರಲ್ಲಿ ಸರಾಸರಿಯ ಪಕ್ಕ ಕನಿಷ್ಠವೂ ಇರಲಿ, ಲಾರಿಗಳು ನಿಂತಂತೆ ತೋರಿಸಿರಲಿ. ದೀಪ ಹಾಕಿದ ಮೇಲೆ ಅಮಾವಾಸ್ಯೆ ಆಸುಪಾಸಿನಲ್ಲಿ ಲಕ್ಸ್ ಮೀಟರ್ ಹಿಡಿದು ಅಳೆಸಿ, ಅಂಕಿ ತಾಳೆಯಾದರೆ ಮಾತ್ರ ಬಿಲ್ಲಿಗೆ ಸಹಿ ಹಾಕಿ. ನಕ್ಷೆ ಕೊಡಲಾಗದ ಸಪ್ಲೈಯರ್‌ಗೆ ಆರ್ಡರ್ ಕೊಡಬೇಡಿ.