ನಿಂತಲ್ಲೇ ಸಾಗುವ ಸವಾರಿ

'ಅರುವತ್ತಕ್ಕೆ ಅರಳುಮರಳು' ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಹಣೆಯ ಮೇಲೇರಿಸಿದ ಕನ್ನಡಕವನ್ನು ಮನೆಯೆಲ್ಲ ಹುಡುಕುವ ಅಜ್ಜನನ್ನು ಕಂಡು ನಾವು ನಗುತ್ತೇವೆ. ನಗುವ ನಮಗೂ ಆ ವಯಸ್ಸು ಬರಲಿದೆ. ಆದುದರಿಂದ ಮುಪ್ಪಿನಲ್ಲಿ ಮಿದುಳು ಸವೆಯುವುದನ್ನು ಸ್ವಲ್ಪಮಟ್ಟಿಗಾದರೂ ತಡೆಯಬಹುದೇ ಎಂಬ ಪ್ರಶ್ನೆ ಮುದುಕರಿಗೆ ಮಾತ್ರ ಸಂಬಂಧಿಸಿದುದಲ್ಲ.

ಮಿದುಳಿನ ಎರಡು ಪಾರ್ಶ್ವಗಳಲ್ಲಿಯೂ ಒಳಗಡೆ ಹಿಪೊಕ್ಯಾಂಪಸ್ ಎಂಬ ಒಂದೊಂದು ಸಣ್ಣ ಭಾಗವಿದೆ. ಆಕಾರದಲ್ಲಿ ಕಡಲಕುದುರೆಯನ್ನು ಹೋಲುವುದರಿಂದ ಅದಕ್ಕೆ ಈ ಗ್ರೀಕ್ ಹೆಸರು ಬಂದಿತು. ಹೊಸ ನೆನಪುಗಳು ನೆಲೆಗೊಳ್ಳುವುದಕ್ಕೂ ದಾರಿಯ ಗುರುತು ಹಿಡಿಯುವುದಕ್ಕೂ ಅದು ಅವಶ್ಯಕ. ವಯಸ್ಸಾದಂತೆ ಅದು ಮೆಲ್ಲಮೆಲ್ಲನೆ ಕುಗ್ಗುತ್ತದೆ. 2011ರಲ್ಲಿ ಅಮೆರಿಕದ ಕರ್ಕ್ ಎರಿಕ್ಸನ್ ಮತ್ತು ಅವರ ಸಂಗಡಿಗರು 120 ಮಂದಿ ವಯಸ್ಸಾದವರ ಮೇಲೆ ನಡೆಸಿದ ಪ್ರಯೋಗವೊಂದು ಪ್ರಕಟವಾಯಿತು. ಕೆಲವರು ವಾರಕ್ಕೆ 3 ದಿನ, ದಿನಕ್ಕೆ 40 ನಿಮಿಷ ಬಿರುಸಾಗಿ ನಡೆದರು. ಉಳಿದವರು ಕೈಕಾಲು ಚಾಚುವ ಹಗುರವಾದ ಸಾಧನೆಗಳನ್ನಷ್ಟೇ ಮಾಡಿದರು. ವರ್ಷ ಕಳೆದ ಮೇಲೆ ಅಳೆದು ನೋಡಿದಾಗ ನಡೆದವರ ಹಿಪೊಕ್ಯಾಂಪಸ್ ಸುಮಾರು ಶೇಕಡ 2ರಷ್ಟು ಬೆಳೆದಿತ್ತು. ಉಳಿದವರದು ಸುಮಾರು ಶೇಕಡ 1.4ರಷ್ಟು ಕುಗ್ಗಿತ್ತು.

ಆದರೆ ಕೋಣೆಯೊಳಗೆ, ನೆಲ ಬಿಟ್ಟು ಕದಲದ ಸೈಕಲ್ಲನ್ನು ಗೋಡೆ ನೋಡುತ್ತ ತುಳಿಯುವುದು ಎಷ್ಟು ಬೇಸರದ ಕೆಲಸವೆಂಬುದನ್ನು ತುಳಿದವರೇ ಬಲ್ಲರು. ಬೇಸರ ಹಾಗಿರಲಿ, ಪ್ರಕೃತಿಯಲ್ಲಿ ಇಂತಹ ಓಟವೇ ಇಲ್ಲ. ಓಡುವ ಜಿಂಕೆ ಹಳ್ಳ ಎಲ್ಲಿದೆ, ಪೊದೆ ಎಲ್ಲಿದೆ, ಬೆನ್ನಟ್ಟಿದ ವೈರಿ ಎಷ್ಟು ದೂರದಲ್ಲಿದೆ ಎಂಬುದನ್ನೂ ಗಮನಿಸುತ್ತಿರಬೇಕು. ಕಾಲಿಗೂ ಮಿದುಳಿಗೂ ಕೆಲಸ ಒಟ್ಟಿಗೇ ಬರುತ್ತದೆ. ಹಾಗಾದರೆ ನಿಂತ ಸೈಕಲ್ಲಿನ ಮುಂದೆ ಒಂದು ದಾರಿಯನ್ನೇ ತಂದಿಟ್ಟರೆ?

ಇದನ್ನು ಪರೀಕ್ಷಿಸಿದವರು ನ್ಯೂಯಾರ್ಕ್ ಸಂಸ್ಥಾನದ ಯೂನಿಯನ್ ಕಾಲೇಜಿನ ಮನಶ್ಶಾಸ್ತ್ರಜ್ಞೆ ಕೇ ಆಂಡರ್ಸನ್-ಹ್ಯಾನ್ಲಿ ಮತ್ತು ಅವರ ಸಂಗಡಿಗರು. 2012ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಪಾಲುಗೊಂಡವರು ನಿವೃತ್ತರ ವಸತಿಗಳಲ್ಲಿದ್ದ ವೃದ್ಧರು. ಒಂದು ಗುಂಪಿಗೆ ಸಾಧಾರಣ ವ್ಯಾಯಾಮದ ಸೈಕಲ್ಲು. ಇನ್ನೊಂದಕ್ಕೂ ನಿಂತ ಸೈಕಲ್ಲೇ, ಆದರೆ ಎದುರಿಗೊಂದು ತೆರೆ. ತುಳಿದಂತೆಲ್ಲ ತೆರೆಯ ಮೇಲಿನ ದಾರಿ ಸರಿಯುತ್ತದೆ. ತಿರುವಿನಲ್ಲಿ ಹ್ಯಾಂಡಲನ್ನು ತಿರುಗಿಸಬೇಕು. ಸ್ಪರ್ಧೆಗೆ ತೆರೆಯೊಳಗೇ ಬೇರೆ ಸವಾರರು. ಇಂತಹ ಏರ್ಪಾಟಿಗೆ ವರ್ಚುಯಲ್ ರಿಯಾಲಿಟಿ ಎಂದು ಹೆಸರು. ನಾವು ತೋರಿಕೆಯ ಲೋಕ ಎನ್ನೋಣ. 3 ತಿಂಗಳ ಕೊನೆಯವರೆಗೆ ಉಳಿದವರು 63 ಮಂದಿ. ಎರಡು ಗುಂಪುಗಳವರು ಪಟ್ಟ ಶ್ರಮ ಹೆಚ್ಚುಕಡಿಮೆ ಒಂದೇ.

ಬಳಿಕ ಅವರ ಬುದ್ಧಿಯನ್ನು ಪರೀಕ್ಷಿಸಲಾಯಿತು. ಅಂಕಿಗಳನ್ನು ಕೇಳಿ ಹಿಂದುಮುಂದಾಗಿ ಹೇಳುವುದು ಒಂದು ಪರೀಕ್ಷೆ. ಇನ್ನೊಂದನ್ನು ವಾಚಕರು ಮನೆಯಲ್ಲಿಯೇ ಮಾಡಿ ನೋಡಬಹುದು. 'ಕೆಂಪು' ಎಂಬ ಪದವನ್ನು ಹಸುರು ಶಾಯಿಯಲ್ಲಿಯೂ 'ಹಳದಿ' ಎಂಬುದನ್ನು ನೀಲಿಯಲ್ಲಿಯೂ, ಹೀಗೆ ಒಂದು ಸಾಲು ಬರೆದು, ಪದವನ್ನು ಓದದೆ ಶಾಯಿಯ ಬಣ್ಣವನ್ನು ಮಾತ್ರ ಹೇಳುತ್ತ ಹೋಗಿರಿ, ನಾಲಗೆ ತಡವರಿಸುತ್ತದೆ. ತಾನಾಗಿ ನುಗ್ಗಿ ಬರುವ ಉತ್ತರವನ್ನು ತಡೆಹಿಡಿದು ಬೇಕಾದುದನ್ನು ಆರಿಸುವ ಈ ಶಕ್ತಿ ಕುಂದಿದರೆ ಹಣದ ಲೆಕ್ಕ, ಅಡುಗೆ, ರಸ್ತೆ ದಾಟುವುದು ಎಲ್ಲವೂ ಕಷ್ಟವಾಗುತ್ತವೆ. ತೆರೆಯ ಮುಂದೆ ತುಳಿದವರು ಇಂತಹ ಪರೀಕ್ಷೆಗಳಲ್ಲಿ ಮುಂದಾದರು. ನರಕೋಶಗಳನ್ನು ಪೋಷಿಸುವ ಬಿ.ಡಿ.ಎನ್.ಎಫ್. ಎಂಬ ಪ್ರೋಟೀನೂ ಅವರಲ್ಲಿ ಹೆಚ್ಚಾಗಿ ಏರಿತ್ತು. ಆದರೂ 63 ಮಂದಿ ಎಂಬುದು ಸಣ್ಣ ಸಂಖ್ಯೆ. ಗುಣ ನೋಟದ್ದೋ, ತಿರುವುಗಳದ್ದೋ, ಸ್ಪರ್ಧೆಯದ್ದೋ ಎಂಬುದನ್ನು ಈ ಪ್ರಯೋಗ ಬೇರ್ಪಡಿಸಲಿಲ್ಲ.

ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ಗಟ್ಟಿಯಾದ ಪ್ರಮಾಣ ಬೀಳುವಿಕೆಗೆ ಸಂಬಂಧಿಸಿದುದು. ಮುಪ್ಪಿನಲ್ಲಿ ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ಹಲವರು ಮತ್ತೆ ಮೊದಲಿನಂತೆ ಓಡಾಡಲಾರರು. ಬೀಳುವುದಕ್ಕೆ ಕಾಲಿನ ದುರ್ಬಲತೆಯೊಂದೇ ಕಾರಣವಲ್ಲ. ಮಾತನಾಡುತ್ತ ನಡೆಯುವಾಗ ಗಮನ ಇಬ್ಭಾಗವಾಗಿ ಹೊಸ್ತಿಲು ಮರೆತುಹೋಗುವುದೂ ಕಾರಣ. ಇಸ್ರೇಲಿನ ಅನತ್ ಮಿರೆಲ್ಮನ್ ಮತ್ತು ಸಂಗಡಿಗರು ಐದು ದೇಶಗಳಲ್ಲಿ 60ರಿಂದ 90 ವರ್ಷದ 302 ಮಂದಿಯನ್ನು ಆರಿಸಿದರು; ಎಲ್ಲರೂ ಹಿಂದಿನ 6 ತಿಂಗಳಲ್ಲಿ ಎರಡು ಬಾರಿಯಾದರೂ ಬಿದ್ದವರು. ವಾರಕ್ಕೆ 3 ದಿನದಂತೆ 6 ವಾರ ಎಲ್ಲರೂ ಟ್ರೆಡ್‌ಮಿಲ್‌ನ ಮೇಲೆ ನಡೆದರು. ಆದರೆ ಒಂದು ಗುಂಪಿನವರಿಗೆ ತಮ್ಮ ಪಾದಗಳೇ ಎದುರಿನ ತೆರೆಯಲ್ಲಿ ಕಾಣುತ್ತಿದ್ದುವು. ಆ ಪಾದಗಳು ತೋರಿಕೆಯ ಅಡೆತಡೆಗಳನ್ನು ದಾಟಬೇಕಾಗಿತ್ತು. 2016ರಲ್ಲಿ ಪ್ರಕಟವಾದ ಫಲವನ್ನು ನೋಡಿರಿ: ಬೀಳುವ ಪ್ರಮಾಣ 6 ತಿಂಗಳಿಗೆ ಒಬ್ಬರಿಗೆ ಸರಾಸರಿ, ಬರಿಯ ಟ್ರೆಡ್‌ಮಿಲ್ ಗುಂಪಿನಲ್ಲಿ 10.7ರಿಂದ 8.3ಕ್ಕೆ ಇಳಿಯಿತು, ತೆರೆಯಿದ್ದ ಗುಂಪಿನಲ್ಲಿ 11.9ರಿಂದ 6ಕ್ಕೆ.

ಇಷ್ಟರಿಂದ ತೋರಿಕೆಯ ಲೋಕ ನಿಜಲೋಕಕ್ಕೆ ಸಮವೆಂದು ಭಾವಿಸಲಾಗದು. ಕ್ಯಾಲಿಫೋರ್ನಿಯದ ಲಾಸ್ ಏಂಜಲೀಸಿನಲ್ಲಿ ಮಯಾಂಕ್ ಮೆಹ್ತಾ ಅವರ ಪ್ರಯೋಗಶಾಲೆಯವರು ಇಲಿಗಳನ್ನು ಚೆಂಡಿನ ಮೇಲೆ ಓಡಿಸಿ, ಸುತ್ತಲೂ ಕೃತಕ ದೃಶ್ಯವನ್ನು ತೋರಿಸಿದರು. ನಿಜವಾದ ಕೋಣೆಯಲ್ಲಿ ಚುರುಕಾಗುವ ಹಿಪೊಕ್ಯಾಂಪಸ್ ನರಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿ ಸುಮ್ಮನಾದುವು. ಕಣ್ಣಿಗೆ ದಾರಿ ಕಾಣುತ್ತದೆ. ಆದರೆ ಮೂಗಿಗೆ ವಾಸನೆಯಿಲ್ಲ, ಮುಂದೆ ಸಾಗಿದ ಅನುಭವ ಒಳಕಿವಿಗೆ ಇಲ್ಲ.

ವಾಸನೆಯ ಈ ಕೊರತೆಯನ್ನು ಬಹು ಹಿಂದೆಯೇ ಗುರುತಿಸಿದವನೊಬ್ಬನಿದ್ದನು. 1962ರಲ್ಲಿ ಅಮೆರಿಕದ ಮಾರ್ಟನ್ ಹೈಲಿಗ್ 'ಸೆನ್ಸೊರಾಮ' ಎಂಬ ಯಂತ್ರಕ್ಕೆ ಪೇಟೆಂಟ್ ಪಡೆದನು. ಅದರ ಮುಂದೆ ಕುಳಿತು ಮುಖವೊಡ್ಡಿದವನಿಗೆ ನ್ಯೂಯಾರ್ಕ್ ಬೀದಿಗಳಲ್ಲಿ ಮೋಟಾರ್ ಸೈಕಲ್ ಸವಾರಿ: ಪೀಠ ಅದುರುತ್ತಿತ್ತು, ಮುಖಕ್ಕೆ ಗಾಳಿ ಬೀಸುತ್ತಿತ್ತು, ಊರಿನ ವಾಸನೆಗಳೂ ಬರುತ್ತಿದ್ದುವು. ಪೆಡಲು ಮಾತ್ರ ಇರಲಿಲ್ಲ. ಹಣ ಹೂಡುವವರು ದೊರೆಯದೆ ಆ ಯಂತ್ರ ಮೂಲೆ ಸೇರಿತು.